ಮರೆಗುಳಿ ಮೀನಿನ ಅಪ್ಪ ಅಮ್ಮ

ನಾನು ಸಿನೆಮಾ ವಿಮರ್ಶಕಿಯಲ್ಲ. ವರ್ಷಕ್ಕೆ ಒಂದು ಸಿನೆಮಾ ನೋಡಿದರೆ ನಮ್ಮ ಮನೆಯಲ್ಲಿ ಅದೇ ಹೆಚ್ಚು. ಅದರಲ್ಲೂ ಕಾರ್ಟೂನ್ ಎಂದರೆ ಮಕ್ಕಳನ್ನು ಟಿವಿಯ ಮುಂದೆ ಕೂರಿಸಿ ಒಲೆಯ ಕೆಲಸ ಮುಗಿಸಿಕೊಳ್ಳುವ ಉಪಾಯ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅಂಥ ನಾನು ಒಂದು ಮೀನಿನ ಕಾರ್ಟೂನಿನ ಬಗ್ಗೆ ಬರೆಯಲು ಕುಳಿತಿದ್ದೇನೆ ಎಂದರೆ ನಿಮಗೆ ನಗು ಬರಬಹುದು. ನಗಿ, ಆದರೆ ಓದಿ. ನಿಮ್ಮ ಮನೆಯಲ್ಲೋ ನಿಮ್ಮ ಬೀದಿಯಲ್ಲೋ ಇತರ ಮಕ್ಕಳ ಹಾಗಲ್ಲದ ಒಂದು ಮಗುವಿದ್ದರಂತೂ ಖಂಡಿತ ಓದಿ.

ಮೊದಲು ಕಥೆ ಹೇಳಿಬಿಡುತ್ತೇನೆ. 2003ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ‘ಫೈಂಡಿಂಗ್ ನೀಮೋ’ ಎಂಬ ಆನಿಮೇಷನ್ ಚಿತ್ರ ತಯಾರಿಸಿತು. ನಿರ್ದೇಶಕರು ಆಂಡ್ರ್ಯೂ ಸ್ಟಾಂಟನ್. ನೀಮೋ ಎಂಬುದು ಕಿತ್ತಳೆ ಬಣ್ಣದ ಪುಟ್ಟ ಮೀನು. ತಾಯಿ ಇಲ್ಲ. ಹುಟ್ಟಿನಿಂದಲೇ ಅದರ ಒಂದು ಪಕ್ಕದ ರೆಕ್ಕೆ ಚಿಕ್ಕದು. ಅಪ್ಪ ಮಾರ್ಲಿನ್ ಅದಕ್ಕೆ ‘ಅದೃಷ್ಟದ ರೆಕ್ಕೆ’ ಎಂದು ಹೆಸರಿಟ್ಟಿದ್ದಾನೆ. ಹೆಸರೇನೋ ಚೆನ್ನಾಗಿದೆ, ಆದರೆ ಅದೇ ರೆಕ್ಕೆಯ ಭಯದಿಂದ ಮಗನನ್ನು ಕಣ್ಣಳತೆ ದಾಟಲು ಬಿಡುವುದಿಲ್ಲ. ಸಿಡ್ನಿಯ ದಂತವೈದ್ಯನೊಬ್ಬ ಮಗನನ್ನು ಹಿಡಿದುಕೊಂಡು ಹೋಗಿ ತನ್ನ ಕ್ಲಿನಿಕ್ಕಿನ ಗಾಜಿನ ತೊಟ್ಟಿಗೆ ಹಾಕುತ್ತಾನೆ. ಅಪ್ಪ ಸಮುದ್ರವನ್ನೆಲ್ಲ ಹುಡುಕುತ್ತಾ ಹೊರಡುತ್ತಾನೆ. ಆಗ ದಾರಿಯಲ್ಲಿ ಅವನಿಗೆ ಜೊತೆಯಾಗುವವಳು ಡೋರಿ ಎಂಬ ನೀಲಿ ಮೀನು.

ಡೋರಿಗೆ ಮರೆವು. ವಯಸ್ಸಾದವರ ಮರೆವಲ್ಲ. ಈಗ ಕೇಳಿದ್ದು ಈಗಲೇ ಹೋಯಿತು, ಅಷ್ಟೆ. ಯಾರ ಜೊತೆ ಈಜುತ್ತಿದ್ದೇನೆ, ಯಾಕೆ ಈಜುತ್ತಿದ್ದೇನೆ ಎಂಬುದೇ ತಲೆಯಿಂದ ಜಾರಿ ಹೋಗುತ್ತದೆ. ನೀಮೋ ಎಂಬ ಹೆಸರು ಕೂಡ ಅವಳ ಬಾಯಲ್ಲಿ ಒಂದೊಂದು ಸಲ ಒಂದೊಂದು ಆಗುತ್ತದೆ. ಚಿತ್ರಮಂದಿರದಲ್ಲಿ ಜನ ನಗುತ್ತಿದ್ದುದು ಅದಕ್ಕೇ.

ಹದಿಮೂರು ವರ್ಷಗಳ ನಂತರ, 2016ರ ಜೂನ್‌ನಲ್ಲಿ, ಅದೇ ನಿರ್ದೇಶಕರ ಎರಡನೆಯ ಭಾಗ ‘ಫೈಂಡಿಂಗ್ ಡೋರಿ’ ಬಂತು. ಜಗತ್ತಿನಾದ್ಯಂತ ನೂರು ಕೋಟಿ ಡಾಲರಿಗಿಂತ ಹೆಚ್ಚು ಹಣ ಮಾಡಿದ ಚಿತ್ರ. ಹಣದ ಮಾತು ಬಿಡಿ. ಒಂದು ಚಿತ್ರ ಗೆದ್ದರೆ ಎರಡನೆಯದನ್ನು ತೆಗೆಯುವುದು ವ್ಯಾಪಾರ, ಸಾಮಾನ್ಯವಾಗಿ ಹಳೆಯ ನಗುವನ್ನೇ ಬಿಸಿ ಮಾಡಿ ಬಡಿಸುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಮೊದಲ ಚಿತ್ರದಲ್ಲಿ ಡೋರಿ ನಗಿಸುವವಳು. ಎರಡನೆಯದರಲ್ಲಿ ಅವಳು ಒಬ್ಬರ ಮಗಳು. ಈ ಮರೆಗುಳಿಗೆ ಬಾಲ್ಯ ಎಂಬುದೊಂದು ಇರಬೇಕಲ್ಲ, ಅವಳನ್ನು ಹೆತ್ತವರು ಇರಬೇಕಲ್ಲ, ಅವರು ಇವಳನ್ನು ಹೇಗೆ ಬೆಳೆಸಿದರು, ಈಗ ಎಲ್ಲಿದ್ದಾರೆ ಎಂದು ಯಾರೋ ಕುಳಿತು ಯೋಚಿಸಿದ್ದಾರೆ. ಹದಿಮೂರು ವರ್ಷ ನಾವು ಯಾರನ್ನು ನೋಡಿ ನಕ್ಕೆವೋ ಅವಳ ಅಮ್ಮನನ್ನು ತಂದು ನಮ್ಮ ಮುಂದೆ ನಿಲ್ಲಿಸಿದ್ದಾರೆ.

ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಮಗಳಿಗೆ ಹನ್ನೆರಡು. ಸಿನೆಮಾ ನೋಡಲೇಬೇಕು ಎಂದು ಹಟ ಹಿಡಿದವಳು ಮಗಳು. ಯಶವಂತಪುರದ ಕಡೆಯ ಒಂದು ಮಾಲ್‌ಗೆ ನಾಲ್ವರೂ ಹೋದೆವು. ಚಿತ್ರ ಇಂಗ್ಲಿಷ್‌ನಲ್ಲಿತ್ತು. ಮಗನಿಗೆ ಇಂಗ್ಲಿಷ್ ಇರಲಿ, ಮನೆಯ ಉರ್ದುವೇ ನಿಧಾನವಾಗಿ ಹೇಳಿದರೆ ಅರ್ಥವಾಗುವ ಸ್ಥಿತಿ. ಮಗಳು ಅವನ ಕಿವಿಯಲ್ಲಿ ಪಿಸುಗುಟ್ಟುತ್ತಾ ಇದ್ದಳು. ಅವನು ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬನೇ ಜೋರಾಗಿ ನಗುತ್ತಿದ್ದ. ಮಕ್ಕಳ ಚಿತ್ರವಾದ್ದರಿಂದ ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಹೊರಗೆ ಹೋದಾಗ ಜನ ತಿರುಗಿ ನೋಡುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಆ ದಿನ ಅದಿಲ್ಲದೆ ಎರಡು ಗಂಟೆ ಕಳೆದೆವು.

ನಮ್ಮ ಮನೆ ಇರುವುದು ಆರ್.ಟಿ. ನಗರದ ಪಕ್ಕ, ಸುಲ್ತಾನ್‌ಪಾಳ್ಯದಲ್ಲಿ. ಮಗ ಮೂರು ವರ್ಷವಾದರೂ ಸರಿಯಾಗಿ ಮಾತನಾಡದಿದ್ದಾಗ ಮನೆಯ ಹಿರಿಯರು, ಗಂಡುಮಕ್ಕಳು ತಡವಾಗಿಯೇ ಮಾತು ಕಲಿಯುತ್ತಾರೆ ಎಂದರು. ಐದಾದಾಗ ಯಾರೂ ಹಾಗೆನ್ನಲಿಲ್ಲ. ವೈದ್ಯರು ಪರೀಕ್ಷೆ ಮಾಡಿ ಒಂದು ಕಾಗದ ಕೊಟ್ಟರು. ಅದರಲ್ಲಿ ಆಗಿನ ಕಾನೂನಿನ ಭಾಷೆಯಲ್ಲಿ ‘ಬುದ್ಧಿಮಾಂದ್ಯ’ ಎಂದಿತ್ತು. ಬೀದಿಯವರಿಗೆ ಆ ಶಬ್ದವೂ ಉದ್ದವಾಯಿತು, ಎರಡಕ್ಷರದಲ್ಲಿ ಮುಗಿಸುತ್ತಿದ್ದರು. 2016ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು, 2017ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. 1995ರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ ಇಪ್ಪತ್ತೊಂದು. ಬುದ್ಧಿಮಾಂದ್ಯ ಎಂಬುದು ಹೋಗಿ ‘ಬೌದ್ಧಿಕ ವೈಕಲ್ಯ’ ಬಂತು. ಹೆಸರು ಬದಲಾದರೆ ಮಗ ಬದಲಾಗುತ್ತಾನೆಯೇ ಎಂದು ನಮ್ಮ ಅತ್ತೆ ಕೇಳಿದರು. ಅವನು ಬದಲಾಗಲಿಲ್ಲ. ಆದರೆ ಕೌಂಟರಿನಲ್ಲಿ ಕಾಗದ ಓದುವವರ ದನಿ ಸ್ವಲ್ಪ ಬದಲಾಯಿತು ಎಂಬುದು ನನ್ನ ಅನುಭವ.

ಈಗ ಆ ಚಿತ್ರದ ಮುಖ್ಯ ಭಾಗಕ್ಕೆ ಬರುತ್ತೇನೆ. ಪುಟಾಣಿ ಡೋರಿಗೆ ಅಪ್ಪ ಚಾರ್ಲಿ, ಅಮ್ಮ ಜೆನ್ನಿ ದಿನವೂ ಪಾಠ ಹೇಳಿಕೊಡುತ್ತಾರೆ. ಎಂಥ ಪಾಠ? ಅಪರಿಚಿತರು ಸಿಕ್ಕರೆ ತನ್ನ ಹೆಸರನ್ನು ಹೇಳಬೇಕು, ತನಗೆ ಮರೆವಿನ ತೊಂದರೆ ಇದೆ ಎಂದು ನಾಚಿಕೆಯಿಲ್ಲದೆ ಹೇಳಬೇಕು. ನೀರಿನ ಸೆಳೆತ ಇರುವ ಕಡೆ ಹೋಗಬಾರದು. ಇದನ್ನೆಲ್ಲ ಆಟದಂತೆ, ಹಾಡಿನಂತೆ ನೂರು ಸಲ ಹೇಳಿಸುತ್ತಾರೆ. ಮಗು ನೂರೊಂದನೆಯ ಸಲವೂ ಮರೆಯುತ್ತದೆ. ಅವರು ನೂರೆರಡನೆಯ ಸಲ ಹೇಳುತ್ತಾರೆ, ಮುಖದ ನಗು ಮಾಸದಂತೆ. ಮನೆಯ ದಾರಿ ತಿಳಿಯಲೆಂದು ಮರಳಿನ ಮೇಲೆ ಚಿಪ್ಪುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ದಾರಿ ಮರೆತರೆ ಚಿಪ್ಪಿನ ಸಾಲು ಹಿಡಿದು ಬಂದುಬಿಡು ಎಂದು.

ಒಂದು ರಾತ್ರಿ ಅಮ್ಮ ಅಳುತ್ತಿರುವುದು ಮಗುವಿನ ಕಿವಿಗೆ ಬೀಳುತ್ತದೆ. ನಾವಿಲ್ಲದಿದ್ದರೆ ಇವಳ ಗತಿಯೇನು, ಒಬ್ಬಳೇ ಹೇಗೆ ಬದುಕುತ್ತಾಳೆ ಎಂದು ಆ ತಾಯಿ ಅಳುತ್ತಿದ್ದಾಳೆ. ಅಮ್ಮನಿಗೆ ನೇರಳೆ ಬಣ್ಣದ ಚಿಪ್ಪೆಂದರೆ ಇಷ್ಟ. ಒಂದು ಚಿಪ್ಪು ತಂದುಕೊಟ್ಟರೆ ಅಳು ನಿಲ್ಲಿಸಿಯಾಳು ಎಂದು ಮಗು ಹೋಗುತ್ತದೆ, ಸೆಳೆತಕ್ಕೆ ಸಿಕ್ಕಿ ಸಮುದ್ರದ ಪಾಲಾಗುತ್ತದೆ.

ಸಹೋದರಿಯರೇ, ಇಂಥ ಮಗುವನ್ನು ಹೆತ್ತ ಯಾರ ಮನೆಯಲ್ಲಿ ಆ ರಾತ್ರಿಯ ಮಾತು ನಡೆದಿಲ್ಲ ಹೇಳಿ? ದೀಪ ಆರಿಸಿದ ಮೇಲೆ, ದನಿ ತಗ್ಗಿಸಿ, ಮಕ್ಕಳು ಮಲಗಿದ್ದಾರೆ ಎಂದುಕೊಂಡು ನಡೆಯುವ ಮಾತು ಅದು. ಮಕ್ಕಳು ಮಲಗಿರುವುದಿಲ್ಲ ಎಂದು ಆ ಚಿತ್ರ ಹೇಳುತ್ತದೆ. ಓದು ಬಾರದ, ಲೆಕ್ಕ ಬಾರದ ಮಗುವಿಗೂ ಅಮ್ಮನ ಅಳು ಅರ್ಥವಾಗುತ್ತದೆ. ಅದು ತನ್ನಿಂದಲೇ ಎಂಬುದೂ ಅರ್ಥವಾಗುತ್ತದೆ. ನನ್ನ ಪತಿ ಆ ಕತ್ತಲಲ್ಲಿ ನನ್ನ ಕಡೆ ನೋಡಿದರು. ನಾನು ಪರದೆಯನ್ನೇ ನೋಡುತ್ತಿದ್ದೆ.

ಚಿಪ್ಪಿನ ಸಾಲು ಮಾತ್ರ ನಮಗೆ ಹೊಸದಾಗಿರಲಿಲ್ಲ. ಅಷ್ಟರಲ್ಲಾಗಲೇ ನಾವೂ ನಮ್ಮ ಬೀದಿಯಲ್ಲಿ ಅದನ್ನೇ ಮಾಡುತ್ತಿದ್ದೆವು. ವಿಶೇಷ ಶಾಲೆಯ ಶಿಕ್ಷಕಿಯೊಬ್ಬರು ಹೇಳಿಕೊಟ್ಟ ಕ್ರಮ ಅದು. ಮನೆಯಿಂದ ಬೇಕರಿಗೆ ಇನ್ನೂರು ಹೆಜ್ಜೆ. ಅದನ್ನು ಒಮ್ಮೆಗೇ ಕಲಿಸಬಾರದು. ಮೊದಲು ಬೇಕರಿಯಿಂದ ಮನೆಯ ಗೇಟು ಕಾಣುವ ತಿರುವಿನ ತನಕ ನಾವು ಕೈಹಿಡಿದು ಕರೆತರಬೇಕು, ಅಲ್ಲಿಂದ ಗೇಟಿನವರೆಗಿನ ಕೊನೆಯ ಹತ್ತು ಹೆಜ್ಜೆ ಮಾತ್ರ ಅವನು ಒಬ್ಬನೇ ಬರಬೇಕು. ಅದು ಬಂದ ಮೇಲೆ ಇಪ್ಪತ್ತು. ಹೀಗೆ ಕೊನೆಯಿಂದ ಹಿಂದಕ್ಕೆ ಕಲಿಸುತ್ತಾ ಹೋಗಬೇಕು. ಆಗ ಪ್ರತಿ ದಿನದ ಪಾಠವೂ ಮನೆ ತಲುಪಿದ ಸಂತೋಷದಲ್ಲಿ ಮುಗಿಯುತ್ತದೆ. ಎಷ್ಟು ಸರಳ! ನನಗಂತೂ ಇದು ಮಗ್ಗಿ ಕಲಿಸುವುದಕ್ಕೂ ಆಗಬಹುದು ಎನ್ನಿಸಿತ್ತು.

ದಾರಿಯ ಗುರುತುಗಳನ್ನು ಮಗನೇ ಆರಿಸಿಕೊಂಡ. ಟೈಲರ್ ಅಂಗಡಿಯ ಹೊರಗಿನ ಇಸ್ತ್ರಿ ಮೇಜು. ನೀಲಿ ಗೇಟು. ಟ್ರಾನ್ಸ್‌ಫಾರ್ಮರ್. ಬೇಕರಿಯ ಹಳದಿ ಬೋರ್ಡು. ಹತ್ತು ತಿಂಗಳಲ್ಲಿ ಅವನು ಹೋಗಿ ಬನ್ನು ತರುವಷ್ಟಾದ. ಆಮೇಲೆ ಬೇಕರಿಯವರು ಬೋರ್ಡನ್ನು ಕೆಂಪು ಮಾಡಿಸಿದರು. ಮಗ ಅಂಗಡಿಯ ಮುಂದೆಯೇ ನಿಂತು ಅಂಗಡಿಯನ್ನು ಹುಡುಕುತ್ತಿದ್ದನಂತೆ. ಬೆಂಗಳೂರಿನಲ್ಲಿ ಚಿಪ್ಪುಗಳು ನಿಂತಲ್ಲಿ ನಿಲ್ಲುವುದಿಲ್ಲ ನೋಡಿ. ಮನೆ ಕೆಡವುತ್ತಾರೆ, ಮರ ಕಡಿಯುತ್ತಾರೆ, ರಸ್ತೆ ಅಗೆಯುತ್ತಾರೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ದಾರಿ ಬದಲಾದಾಗಲೆಲ್ಲ ಬುದ್ಧಿವಂತರೆನಿಸಿದ ನಾವೇ ತಬ್ಬಿಬ್ಬಾಗುತ್ತೇವೆ. ಆಮೇಲೆ ಬದಲಾಗದ ಗುರುತುಗಳನ್ನು ಹುಡುಕಿದೆವು. ಮಸೀದಿಯ ಮಿನಾರು, ನೀರಿನ ಟ್ಯಾಂಕು, ಬೀದಿಯ ಇಳಿಜಾರು. ಇಳಿಜಾರಿನಲ್ಲಿ ಕಾಲಿಗೇ ದಾರಿ ಗೊತ್ತಾಗುತ್ತದೆ, ಅದಕ್ಕೆ ಯಾರೂ ಬಣ್ಣ ಬಳಿಯಲಾರರು.

ಅವನಿಗೆ ಹನ್ನೊಂದು ವರ್ಷವಾಗಿದ್ದಾಗ, ರಮಝಾನಿನ ಒಂದು ಸಂಜೆ, ಇಫ್ತಾರ್‌ಗೆ ಮೊದಲು ಹೊರಗೆ ಹೋದವನು ಬರಲಿಲ್ಲ. ರಮಝಾನಿನಲ್ಲಿ ನಮ್ಮ ಬೀದಿ ಹೇಗಿರುತ್ತದೆ ಎಂದು ನಿಮಗೆ ವರ್ಣಿಸಬೇಕಿಲ್ಲ. ಸಮೋಸದ ಅಂಗಡಿ, ಹಣ್ಣಿನ ಗಾಡಿ, ಹಲೀಮಿನ ದೊಡ್ಡ ಪಾತ್ರೆ, ಮೇಲೆ ಟಾರ್ಪಾಲಿನ್, ದೀಪದ ಸರ. ಅವನ ಗುರುತುಗಳೆಲ್ಲ ಅದರ ಹಿಂದೆ ಮುಚ್ಚಿಹೋಗಿದ್ದವು. ಸುಮಾರು ಒಂದು ಗಂಟೆ ನಾವು ಹುಡುಕಿದೆವು. ಅಝಾನ್ ಆಯಿತು, ಬೀದಿಯೆಲ್ಲ ಒಮ್ಮೆಗೇ ಖಾಲಿಯಾಯಿತು. ನಾನು ಖರ್ಜೂರವನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆಯಲ್ಲಿ ನಿಂತಿದ್ದೆ. ಆಗ ಪತಿಯ ಫೋನ್ ರಿಂಗಾಯಿತು. ಪಪ್ಪಾಯಿ ಮಾರುವ ಗಾಡಿಯವರೊಬ್ಬರು ಮುಖ್ಯರಸ್ತೆಯಿಂದ ಮಾತನಾಡುತ್ತಿದ್ದರು. ಹುಡುಗ ತನ್ನ ಹೆಸರು ಹೇಳಿ, ನನಗೆ ಬೇಗ ಮರೆತುಹೋಗುತ್ತದೆ, ನಮ್ಮ ಅಬ್ಬಾಗೆ ಫೋನ್ ಮಾಡಿ ಎಂದು ಹೇಳಿ ಹತ್ತು ಅಂಕೆಗಳನ್ನು ರಾಗವಾಗಿ ಹಾಡಿದನಂತೆ. ಆ ರಾಗ ಕಟ್ಟಿದವಳು ಅವನ ಅಕ್ಕ. ತನಗೆ ಬೇಗ ಮರೆಯುತ್ತದೆ ಎಂದು ಮುಜುಗರವಿಲ್ಲದೆ ಹೇಳುವುದನ್ನು ಕಲಿಸಿದವಳೂ ಅವಳೇ, ಆ ಸಿನೆಮಾ ನೋಡಿ ಬಂದ ಮೇಲೆ. ಒಂದು ಕಾರ್ಟೂನಿನಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ಆ ಪಪ್ಪಾಯಿ ಗಾಡಿಯ ಕಥೆ ಹೇಳುತ್ತೇನೆ.

ಚಿತ್ರದಲ್ಲಿ ನನಗೆ ಹಿಡಿಸಿದ ಇನ್ನೊಂದು ಸಂಗತಿ ಎಂದರೆ, ಅದರಲ್ಲಿ ಯಾರಿಗೂ ಗುಣವಾಗುವುದಿಲ್ಲ! ನಮ್ಮ ಸಿನೆಮಾಗಳಲ್ಲಿ ಕಣ್ಣು ಕಾಣದವರಿಗೆ ಕೊನೆಯ ರೀಲಿನಲ್ಲಿ ಕಣ್ಣು ಬರುತ್ತಿತ್ತು, ನಡೆಯಲಾರದವರು ಮಗುವಿಗೆ ಅಪಾಯವಾದಾಗ ಎದ್ದು ನಡೆದುಬಿಡುತ್ತಿದ್ದರು. ಹಾಗಾಗದಿದ್ದರೆ ಸಾಯುತ್ತಿದ್ದರು. ಇಲ್ಲಿ ಡೋರಿ ಕೊನೆಯವರೆಗೂ ಮರೆಗುಳಿಯೇ. ಕ್ಯಾಲಿಫೋರ್ನಿಯಾದ ಒಂದು ಸಮುದ್ರಜೀವಿ ಸಂಸ್ಥೆಯಲ್ಲಿ ಅವಳಿಗೆ ಸಿಗುವ ಗೆಳೆಯರೂ ಹಾಗೆಯೇ. ಡೆಸ್ಟಿನಿ ಎಂಬ ತಿಮಿಂಗಿಲ ಶಾರ್ಕ್‌ಗೆ ದೂರದ್ದು ಕಾಣದು, ತೊಟ್ಟಿಯ ಗೋಡೆಗೆ ಡಿಕ್ಕಿ ಹೊಡೆಯುತ್ತಲೇ ಇರುತ್ತಾಳೆ. ಪಕ್ಕದ ತೊಟ್ಟಿಯ ಬೇಯ್ಲಿ ಎಂಬ ಬಿಳಿ ತಿಮಿಂಗಿಲಕ್ಕೆ, ಶಬ್ದದ ಪ್ರತಿಧ್ವನಿಯಿಂದ ದೂರದ್ದನ್ನು ತಿಳಿಯುವ ತನ್ನ ಶಕ್ತಿ ಹೋಗಿಬಿಟ್ಟಿದೆ ಎಂಬ ಭಾವನೆ. ಹ್ಯಾಂಕ್ ಎಂಬ ಆಕ್ಟೋಪಸ್‌ಗೆ ಎಂಟು ತೋಳಿನ ಬದಲು ಏಳು. ಅವನ ನಿಜವಾದ ತೊಂದರೆ ತೋಳಿನದಲ್ಲ, ಸಮುದ್ರದ ಭಯ. ಡೆಸ್ಟಿನಿಗೆ ಕನ್ನಡಕ ಬರುವುದಿಲ್ಲ, ಗೋಡೆ ಬಂತು ಎಂದು ಕೂಗಿ ಹೇಳಲು ಬೇಯ್ಲಿ ಇರುತ್ತಾನೆ. ಕೊಳವೆಗಳ ಒಳಗೆ ದಾರಿ ತಪ್ಪಿದ ಡೋರಿಗೆ ಅದೇ ಬೇಯ್ಲಿ ಹೊರಗಿನಿಂದ ದಾರಿ ಹೇಳುತ್ತಾನೆ. ಮರೆಯುವವಳ ಬಳಿಯೂ ಕೊಡಲು ಏನೋ ಇದೆ. ಮುಂದಿನದನ್ನು ಲೆಕ್ಕ ಹಾಕಿ ಹೆದರಲು ಅವಳಿಗೆ ಬರುವುದಿಲ್ಲವಲ್ಲ, ಎದುರಿಗೆ ಏನಿದೆಯೋ ಅದನ್ನು ಹಿಡಿದು ಮುಂದಕ್ಕೆ ಹೋಗುತ್ತಾಳೆ. ಕಷ್ಟದಲ್ಲಿ ಸಿಕ್ಕಿಬಿದ್ದ ಮಾರ್ಲಿನ್ ಮತ್ತು ನೀಮೋ, ಈಗ ಡೋರಿ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸಿ ಪಾರಾಗುತ್ತಾರೆ.

ಮಾರ್ಲಿನ್ ಒಳ್ಳೆಯವನೇ. ಚಿಕ್ಕ ರೆಕ್ಕೆಯ ಮಗನನ್ನು ಸಾಕಿದವನು. ಆದರೂ ಅವನೇ ಒಂದು ಗಳಿಗೆಯಲ್ಲಿ ಸಿಟ್ಟಿನಿಂದ, ದೂರ ಹೋಗಿ ಕುಳಿತು ಮರೆಯುತ್ತಿರು, ನಿನಗೆ ಚೆನ್ನಾಗಿ ಬರುವುದು ಅದೊಂದೇ ಎಂಬ ಅರ್ಥದ ಮಾತನ್ನು ಡೋರಿಗೆ ಆಡಿಬಿಡುತ್ತಾನೆ. ಅದನ್ನು ಕೇಳಿದ ನೀಮೋ ಅಪ್ಪನನ್ನು ಸುಮ್ಮನೆ ಬಿಡುವುದಿಲ್ಲ. ಇದು ಬಹಳ ನಿಜ. ವೈಕಲ್ಯದ ಮಗುವನ್ನು ಸಾಕಿದ ಮನೆಯವರೆಲ್ಲ ಸದಾ ಸಹನೆಯ ಮೂರ್ತಿಗಳು ಎಂದು ಪತ್ರಿಕೆಗಳು ಬರೆಯುತ್ತವೆ. ಮನೆಯೊಳಗೆ ಬಂದು ನೋಡಿ ಎನ್ನುತ್ತೇನೆ ನಾನು.

ಚಿತ್ರದಲ್ಲಿ ಕೊರತೆಯೇ ಇಲ್ಲವೇ? ಇದೆ. ಜೆರಾಲ್ಡ್ ಎಂಬ ಒಂದು ಕಡಲಸಿಂಹವಿದೆ. ದಪ್ಪ ಹುಬ್ಬು, ಬಾಯಲ್ಲಿ ಒಂದು ಬಕೆಟ್, ಮಾತಿಲ್ಲ. ಬಂಡೆಯ ಮೇಲೆ ಮಲಗಿದ ಇನ್ನೆರಡು ಕಡಲಸಿಂಹಗಳು ಅವನನ್ನು ಹತ್ತಗೊಡದೆ ಕಿರುಚಿ ಓಡಿಸುತ್ತವೆ, ಅವನ ಬಕೆಟ್‌ಗಾಗಿ ಮಾತ್ರ ಒಮ್ಮೆ ಕರೆಯುತ್ತವೆ. ಸಭಾಂಗಣ ನಕ್ಕಿತು. ನನಗೆ ನಗು ಬರಲಿಲ್ಲ. ಶಾಲೆಯ ಜಗಲಿಯಲ್ಲಿ, ಮದುವೆ ಹಾಲಿನಲ್ಲಿ, ಈದ್ಗಾ ಮೈದಾನದ ಆಟದಲ್ಲಿ ಇಂಥ ಜೆರಾಲ್ಡ್‌ಗಳನ್ನು ಕಂಡಿದ್ದೇನೆ. ಅವರ ಬ್ಯಾಟ್ ಬೇಕು, ಅವರು ಬೇಡ. ಬೆಕಿ ಎಂಬ ಕೆದರಿದ ಪುಕ್ಕದ ಹಕ್ಕಿಯನ್ನೂ ಹೀಗೆಯೇ ನಗೆಗೆ ಬಳಸಿದ್ದಾರೆ. ಮುಖ್ಯ ಪಾತ್ರಕ್ಕೆ ಅಷ್ಟು ಮರ್ಯಾದೆ ಕೊಟ್ಟವರು ಪಕ್ಕದ ಪಾತ್ರಗಳಿಗೆ ಕೊಡಲು ಯಾಕೆ ಹಿಂಜರಿದರೋ! ವಿದೇಶದಲ್ಲೂ ಹಲವರು ಇದೇ ಆಕ್ಷೇಪ ಎತ್ತಿದ್ದರು.

ನಮ್ಮ ಚಿತ್ರಗಳ ಮಾತಿಗೆ ಬಂದರೆ, ಅದೇ 2016ರ ಜೂನ್ ತಿಂಗಳಲ್ಲೇ ಕನ್ನಡದಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂದಿತ್ತು. ನಿರ್ದೇಶನ ಹೇಮಂತ್ ರಾವ್ ಅವರದು. ಅದರಲ್ಲಿ ಅಲ್ಝೈಮರ್ಸ್ ಕಾಯಿಲೆಯ ತಂದೆ ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಅನಂತ್ ನಾಗ್ ಅವರು ಆ ತಂದೆಯಾಗಿ ನಟಿಸಿದ್ದನ್ನು ನೋಡಿದರೆ ಮರೆವಿನವರನ್ನು ನೋಡಿ ನಗುವ ಆಸೆ ಯಾರಿಗೂ ಉಳಿಯದು. ಒಂದೇ ತಿಂಗಳಲ್ಲಿ ಮರೆವಿನ ಎರಡು ಚಿತ್ರಗಳು. ಒಂದರಲ್ಲಿ ಮಗ ತಂದೆಯನ್ನು ಹುಡುಕಿದ, ಇನ್ನೊಂದರಲ್ಲಿ ಮಗಳು ತಂದೆತಾಯಿಯನ್ನು. ಹಿಂದಿಯಲ್ಲಿ 1972ರಷ್ಟು ಹಿಂದೆಯೇ ಗುಲ್ಝಾರ್ ಅವರು ಕಿವಿ ಕೇಳದ, ಮಾತು ಬಾರದ ದಂಪತಿಯ ಬಗ್ಗೆ ‘ಕೋಶಿಶ್’ ತೆಗೆದಿದ್ದರು. 2007ರ ‘ತಾರೇ ಝಮೀನ್ ಪರ್’ ಓದಲು ಕಷ್ಟಪಡುವ ಹುಡುಗನ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. 2025ರ ‘ಸಿತಾರೇ ಝಮೀನ್ ಪರ್’ನಲ್ಲಿ ಇಂಥ ಪಾತ್ರಗಳನ್ನು ಮಾಡಿದವರೇ ಇಂಥ ತೊಂದರೆ ಇರುವ ಹತ್ತು ಮಂದಿ. ನನ್ನ ಮಗ ಅದನ್ನು ನೋಡಿ, ಇವರು ನಮ್ಮ ಶಾಲೆಯವರಾ ಎಂದು ಕೇಳಿದ.

ಆದರೆ ತೊದಲುವವನನ್ನು, ಕಿವುಡನನ್ನು, ಕುಳ್ಳನನ್ನು ಹಾಸ್ಯಕ್ಕೆಂದೇ ಇಟ್ಟುಕೊಂಡ ಚಿತ್ರಗಳು ಇವುಗಳ ನೂರು ಪಟ್ಟು. ಹೆಸರು ಹೇಳುತ್ತಾ ಹೋದರೆ ಈ ಸಂಚಿಕೆ ಸಾಲದು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಒಂದು ಮುಖ್ಯ ತೀರ್ಪು ಕೊಟ್ಟಿದೆ. ಒಂದು ಹಿಂದಿ ಚಿತ್ರದ ವಿರುದ್ಧ ಸ್ವತಃ ಅಂಗವೈಕಲ್ಯವಿರುವ ನಿಪುಣ್ ಮಲ್ಹೋತ್ರಾ ಅವರು ತಂದ ಮೊಕದ್ದಮೆ ಅದು. ನ್ಯಾಯಾಲಯ ಚಿತ್ರಕ್ಕೆ ತಡೆ ಕೊಡಲಿಲ್ಲ. ಆದರೆ ವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ವೈಕಲ್ಯ ಇರುವವರನ್ನು ಕೀಳು ಮಾಡುವ ಹಾಸ್ಯ ಬೇರೆ ಎಂದು ಬಿಡಿಸಿ ಹೇಳಿತು. ಅವಮಾನಿಸುವ ಶಬ್ದಗಳನ್ನು ಬಿಡಬೇಕು, ಚಿತ್ರ ತಯಾರಿಸುವಾಗ ಅವರನ್ನೇ ಕೇಳಬೇಕು ಎಂದಿತು. ಡೋರಿಯನ್ನು ನೋಡಿ ನಾವು ನಗುತ್ತೇವೆ, ನಿಜ. ಎರಡನೆಯ ಚಿತ್ರದಲ್ಲೂ ನಗುತ್ತೇವೆ. ಆದರೆ ಅವಳ ಜೊತೆಗೇ ಇದ್ದುಕೊಂಡು ನಗುತ್ತೇವೆ. ನನ್ನ ಮಗ ಕೂಡ ನಕ್ಕನಲ್ಲ!

ನಮಗೆ, ಮುಸ್ಲಿಮರಿಗೆ, ಈ ಪಾಠ ಹೊಸದೇ? ‘ಅಬಸ’ ಅಧ್ಯಾಯ ಅವತೀರ್ಣವಾದ ಸಂದರ್ಭ ನಮ್ಮ ಮಕ್ಕಳಿಗೂ ಗೊತ್ತು. ಕಣ್ಣು ಕಾಣದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್‌ರವರು(ರ) ಮದೀನಾದಲ್ಲಿ ಅಝಾನ್ ಕೊಡುತ್ತಿದ್ದರು, ಪ್ರವಾದಿವರ್ಯರು(ಸ) ಊರಿನಲ್ಲಿಲ್ಲದಾಗ ಮದೀನಾದ ಹೊಣೆಯನ್ನು ಅವರಿಗೆ ವಹಿಸಿದ್ದುಂಟು. ಹೊಣೆ ವಹಿಸಿದ್ದು, ಗಮನಿಸಿ. ಇದನ್ನು ಪ್ರವಚನದಲ್ಲಿ ಕೇಳಿ ನಾವು ತಲೆದೂಗುತ್ತೇವೆ. ಹೊರಗೆ ಬಂದರೆ ವುಝೂ ಮಾಡುವ ಜಾಗಕ್ಕೆ ನಾಲ್ಕು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಶಬ್ದ ಮಾಡುತ್ತಾನೆ ಎಂದು ನನ್ನ ಮಗನನ್ನು ಹಿಂದಿನ ಸಾಲಿಗೆ, ಅಲ್ಲಿಂದ ಚಪ್ಪಲಿ ಬಿಡುವ ಜಾಗಕ್ಕೆ ಕಳುಹಿಸಿದವರೂ ಅದೇ ಪ್ರವಚನ ಕೇಳಿದವರು.

ಈಗ ಮಗನಿಗೆ ಹದಿನೆಂಟು ತುಂಬಿದೆ. ಹದಿನೆಂಟು ಎಂದರೆ ಇತರರ ಮನೆಯಲ್ಲಿ ಕಾಲೇಜು, ಬೈಕು, ಮತದಾರರ ಚೀಟಿ. ನಮ್ಮಂಥವರಿಗೆ ಅದೊಂದು ಕಾನೂನಿನ ಗಡಿ. ಇದು ಬಹಳ ತಾಯಂದಿರಿಗೆ ತಿಳಿದಿರುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಅವನ ಹೆಸರಿನ ಬ್ಯಾಂಕ್ ಖಾತೆಗೆ, ಆಸ್ತಿಗೆ ತಂದೆತಾಯಿ ಎಂಬ ಕಾರಣಕ್ಕೇ ನಾವು ಸಹಿ ಹಾಕಲು ಆಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ, ಈ ನಾಲ್ಕು ಬಗೆಯವರಿಗಾಗಿ 1999ರಲ್ಲೇ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಿದೆ. ಅದರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿ ಇರುತ್ತದೆ. ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ ಮತ್ತು ಅಂಗವೈಕಲ್ಯವಿರುವ ಒಬ್ಬರು ಅದರಲ್ಲಿ ಇರಲೇಬೇಕು. ಪಾಲಕರನ್ನು ನೇಮಿಸುವುದು ಆ ಸಮಿತಿ. ತಂದೆತಾಯಿ, ಒಡಹುಟ್ಟಿದವರು, ಸಂಬಂಧಿಕರು ಅರ್ಜಿ ಹಾಕಬಹುದು. ಇನ್ನು 2016ರ ಕಾಯ್ದೆಯಲ್ಲಿ ‘ಸೀಮಿತ ಪಾಲಕತ್ವ’ ಎಂಬ ಮಾತಿದೆ. ಎಂದರೆ ಪಾಲಕರು ಅವನ ಪರವಾಗಿ ತಾವೇ ಎಲ್ಲ ತೀರ್ಮಾನಿಸುವುದಲ್ಲ, ಅವನ ಜೊತೆ ಕುಳಿತು, ಪರಸ್ಪರ ನಂಬಿಕೆಯಿಂದ ತೀರ್ಮಾನಿಸುವುದು. ಕರ್ನಾಟಕದಲ್ಲಿ 2011ರ ಜನಗಣತಿಯ ಪ್ರಕಾರವೇ ಅಂಗವೈಕಲ್ಯ ಇರುವವರು 13 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಎಷ್ಟು ಮನೆಗಳಿಗೆ ಈ ಸಮಿತಿಯ ಬಾಗಿಲು ಗೊತ್ತಿದೆಯೋ!

ನಮ್ಮ ನೆಂಟರ ಪ್ರಕಾರ ಈ ಸಮಸ್ಯೆಗೆ ಉತ್ತರ ಮೊದಲೇ ಸಿದ್ಧವಿದೆ. ಅಕ್ಕ ಇದ್ದಾಳಲ್ಲ, ನೋಡಿಕೊಳ್ಳುತ್ತಾಳೆ. ಹೇಳುವವರಿಗೆ ಸುಲಭ. ಮಗಳಿಗೆ ಈಗ ಸಂಬಂಧಗಳು ಬರುತ್ತಿವೆ. ಬಂದವರು ಚಹಾ ಕುಡಿದು, ಬಿಸ್ಕತ್ತು ತಿಂದು, ಒಳಗಿನ ಕೋಣೆಯಿಂದ ಕೇಳಿಬರುವ ಮಗನ ದನಿಗೆ ಕಿವಿಗೊಟ್ಟು, ಆಮೇಲೆ ಮೆಲ್ಲಗೆ ಕೇಳುತ್ತಾರೆ, ಇದು ನಿಮ್ಮ ಮನೆತನದಲ್ಲೇ ಇದೆಯೇ ಎಂದು. ವೈದ್ಯರು ಹಾಗಿಲ್ಲ ಎಂದಿದ್ದಾರೆ ಎಂದರೆ ಒಪ್ಪಿಕೊಂಡಂತೆ ತಲೆಯಾಡಿಸಿ ಹೋಗುತ್ತಾರೆ, ಮತ್ತೆ ಫೋನ್ ಬರುವುದಿಲ್ಲ. ಹೀಗೆ ಎರಡು ಸಂಬಂಧ ಹೋದ ಮೇಲೆ ದಲ್ಲಾಳಿ ಹೆಂಗಸು, ಮುಂದಿನ ಸಲ ಹುಡುಗನನ್ನು ಚಿಕ್ಕಮ್ಮನ ಮನೆಯಲ್ಲಿ ಇಟ್ಟಿರಿ ಎಂದಳು. ನನ್ನ ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. “ಅವನನ್ನು ಅಡಗಿಸಿಟ್ಟರೆ ನಾನೂ ಅವನ ಜೊತೆ ಹೋಗಿ ಅಲ್ಲೇ ಇರುತ್ತೇನೆ ಅಮ್ಮಿ, ಬಂದವರು ಚಹಾ ಕುಡಿದು ಹೋಗಲಿ” ಎಂದಳು. ಆಗ ನನಗೆ ನೀಮೋನ ನೆನಪಾಯಿತು.

ಅವಳ ಮೇಲೆ ಪೂರ್ತಿ ಭಾರ ಹೊರಿಸಲು ನಮಗೆ ಮನಸ್ಸಿಲ್ಲ. ಆದ್ದರಿಂದ ಮಗನ ಕೆಲಸದ ಬಗ್ಗೆ ಓಡಾಡಿದೆವು. ಲಿಂಗರಾಜಪುರದಲ್ಲಿ ಎಪಿಡಿ ಎಂಬ ಸಂಸ್ಥೆ ಇದೆ, 1959ರಲ್ಲಿ ಎನ್. ಎಸ್. ಹೇಮಾ ಅವರು ಆರಂಭಿಸಿದ್ದು. ಅವರಿಗೆ ಸ್ವತಃ ಅಂಗವೈಕಲ್ಯವಿತ್ತು. ಅಂಗವೈಕಲ್ಯ ಇರುವವರಿಗೆ ತೋಟಗಾರಿಕೆಯ ತರಬೇತಿಯನ್ನೂ ಆ ಸಂಸ್ಥೆ ನಡೆಸುತ್ತಾ ಬಂದಿದೆ ಎಂದು ತಿಳಿದ ಮೇಲೆಯೇ ನಮಗೆ ಗಿಡಗಳ ಕೆಲಸದ ಯೋಚನೆ ಬಂದದ್ದು. ಈಗ ಐದು ತಿಂಗಳಿಂದ ಮಗ ಹೆಬ್ಬಾಳದ ಕಡೆಯ ಒಂದು ನರ್ಸರಿಗೆ ಹೋಗುತ್ತಿದ್ದಾನೆ. ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು, ಗೊಬ್ಬರ ತುಂಬುವುದು, ನೀರು ಹಾಕುವುದು. ಚೀಲ ಎಣಿಸಲು ಬರುವುದಿಲ್ಲ. ಹಾಗಾಗಿ ಮಾಲೀಕರು ಒಂದು ಹಲಗೆ ಮಾಡಿಸಿದ್ದಾರೆ, ಹಲಗೆ ತುಂಬಿದರೆ ಇಪ್ಪತ್ತೈದು. ಯಾವ ಸಾಲಿಗೆ ನೀರು ಹಾಕಿದ್ದೇನೆ ಎಂಬುದು ಅವನಿಗೆ ನೆನಪಿರುವುದಿಲ್ಲ. ಆದರೆ ಬೆರಳನ್ನು ಮಣ್ಣಿಗೆ ಚುಚ್ಚಿ ನೋಡುತ್ತಾನೆ, ಒಣಗಿದ್ದರೆ ಹಾಕುತ್ತಾನೆ, ಒದ್ದೆಯಿದ್ದರೆ ಮುಂದಕ್ಕೆ ಹೋಗುತ್ತಾನೆ. ನೆನಪಿರುವವರು ಲೆಕ್ಕ ಹಿಡಿದು ದಿನಕ್ಕೆರಡು ಸಲ ನೀರು ಹಾಕಿ ಗಿಡ ಕೊಳೆಸುತ್ತಾರೆ, ಇವನ ಸಾಲಿನಲ್ಲಿ ಗಿಡ ಸತ್ತದ್ದು ಕಡಿಮೆ ಎಂದು ಮಾಲೀಕರು ನನ್ನ ಪತಿಗೆ ಹೇಳಿದರಂತೆ. ಬಸ್ಸಿನಲ್ಲಿ ಈಗಲೂ ಪತಿ ಜೊತೆಗೆ ಹೋಗುತ್ತಾರೆ. ಕೊನೆಯ ಸ್ಟಾಪಿನಿಂದ ನರ್ಸರಿಯವರೆಗೆ ಅವನು ಒಬ್ಬನೇ. ಅದೇ ಹಳೆಯ ಕ್ರಮ, ಕೊನೆಯಿಂದ ಹಿಂದಕ್ಕೆ.

ಡೋರಿಯ ಅಪ್ಪ ಅಮ್ಮ ಕೊನೆಗೆ ಸಿಗುತ್ತಾರೆಯೇ ಎಂದು ನೀವು ಕೇಳಬಹುದು. ಸಿಗುತ್ತಾರೆ. ಅವರು ಸತ್ತಿದ್ದಾರೆಂದೇ ಉಳಿದ ಮೀನುಗಳು ತಿಳಿದಿರುತ್ತವೆ. ಡೋರಿ ಮಂಕಾಗಿ ಸಮುದ್ರದ ತಳದಲ್ಲಿ ಒಬ್ಬಳೇ ಈಜುವಾಗ ಮರಳಿನಲ್ಲಿ ಒಂದು ಚಿಪ್ಪು ಕಾಣುತ್ತದೆ, ಅದರ ಮುಂದೆ ಇನ್ನೊಂದು, ಮತ್ತೊಂದು. ಸಾಲು ಹಿಡಿದು ಹೋದರೆ ಮನೆ. ಆ ಮನೆಯಿಂದ ಗಾಡಿಯ ಚಕ್ರದ ಅರಗಳ ಹಾಗೆ ಎಲ್ಲ ದಿಕ್ಕಿಗೂ ಚಿಪ್ಪಿನ ಸಾಲುಗಳು. ಮಗಳು ಯಾವ ಕಡೆಯಿಂದ ಬಂದಾಳೋ ತಿಳಿಯದಲ್ಲ, ಅದಕ್ಕೆ ವರ್ಷಗಟ್ಟಲೆ ದಿನವೂ ಚಿಪ್ಪು ಹೆಕ್ಕಿ ತಂದು ಇಟ್ಟಿದ್ದಾರೆ. ಸಿನೆಮಾ ಮಂದಿರದಲ್ಲಿ ನನಗೆ ಕಣ್ಣೀರು ಬಂದದ್ದು ಅಲ್ಲಿ.

ಪಾಲಕತ್ವದ ಅರ್ಜಿ ಮೇಜಿನ ಮೇಲಿದೆ. ವೈಕಲ್ಯದ ಪ್ರಮಾಣಪತ್ರ, ಆಧಾರ್, ಫೋಟೋ ಎಲ್ಲ ಜೋಡಿಸಿದ್ದೇವೆ. ಪಾಲಕರು ಎಂಬಲ್ಲಿ ಈಗ ನಮ್ಮಿಬ್ಬರ ಹೆಸರು. ನಮ್ಮ ನಂತರಕ್ಕೆ ಯಾರು ಎಂಬುದನ್ನು ಮಗನನ್ನೇ ಕೇಳಬೇಕು ಎಂದು ಮಗಳು ಹಟ ಹಿಡಿದಳು, ಕಾನೂನೇ ಹಾಗೆ ಹೇಳುತ್ತದಲ್ಲ ಎಂದಳು. ಕೇಳಿದೆವು. ಅವನು ಬಹಳ ಹೊತ್ತು ಯೋಚಿಸಿದ. ಆಪಾ ಇರಲಿ, ನರ್ಸರಿಯ ಚಾಚಾ ಕೂಡ ಇರಲಿ ಎಂದ. ಮಾಲೀಕರನ್ನು ಅದಕ್ಕೆ ಒಪ್ಪಿಸುವುದು ಹೇಗೆ, ಅದು ಸರಿಯೇ, ಸಮಿತಿ ಒಪ್ಪುತ್ತದೆಯೇ ಎಂದು ನಾವು ಚರ್ಚೆ ಮಾಡುತ್ತಿದ್ದಾಗ ಅವನು ಎದ್ದುಹೋಗಿ ತನ್ನ ಮೊದಲ ಸಂಬಳದಲ್ಲಿ ಕೊಂಡ ಹೊಸ ಚಪ್ಪಲಿ ತೊಟ್ಟುಕೊಂಡು ಬಂದ. ಬನ್ನು ತರಬೇಕಿತ್ತಂತೆ, ಹೊತ್ತಾಯಿತಂತೆ.